ನೀರಾನೆಯ ಆಕಳಿಕೆ

ಈಗಿನ ಮಕ್ಕಳ ಚಿತ್ರಪುಸ್ತಕಗಳನ್ನು ನೀವು ತಿರುವಿಹಾಕಿದ್ದರೆ ಒಂದು ಸಂಗತಿ ನಿಮ್ಮ ಕಣ್ಣಿಗೂ ಬಿದ್ದಿರಬೇಕು. ಅವುಗಳಲ್ಲಿ ಹಸುವಿಗಿಂತ, ಎಮ್ಮೆಗಿಂತ, ಮನೆಯ ಮೆಟ್ಟಿಲ ಬಳಿಯೇ ಬಿದ್ದುಕೊಂಡಿರುವ ನಮ್ಮ ಬಡನಾಯಿಗಿಂತ ನೀರಾನೆಗೆ ಮರ್ಯಾದೆ ಹೆಚ್ಚು. ಒಂದು ಪುಟದಲ್ಲಿ ಅದು ಕೊಡೆ ಹಿಡಿದು ಮಳೆಯಲ್ಲಿ ನಡೆಯುತ್ತದೆ. ಇನ್ನೊಂದರಲ್ಲಿ ಸ್ನಾನದ ತೊಟ್ಟಿಯಲ್ಲಿ ಕುಳಿತು ಸಾಬೂನಿನ ನೊರೆ ಊದುತ್ತದೆ. ಮತ್ತೊಂದರಲ್ಲಿ ಲಂಗ ತೊಟ್ಟು ಕುಣಿಯುತ್ತದೆ. ಮೈಬಣ್ಣ ತಿಳಿ ನೇರಳೆ, ಇಲ್ಲವೆ ಗುಲಾಬಿ. ಹಲ್ಲು ಎರಡೇ ಎರಡು, ಅವೂ ಮಲ್ಲಿಗೆಯ ಮೊಗ್ಗಿನಂತೆ. ಬಾಯಿ ಮಾತ್ರ ಸದಾ ತೆರೆದೇ ಇರುತ್ತದೆ. ಆ ತೆರೆದ ಬಾಯಿಗೆ ಪುಸ್ತಕದವರು ಇಟ್ಟಿರುವ ಹೆಸರು ನಗು.

ಚಿತ್ರಕಾರರಿಗೆ ಈ ಪ್ರಾಣಿಯ ಮೇಲೆ ಇಷ್ಟು ಒಲವೇಕೆಂದು ನಾನು ಯೋಚಿಸಿದ್ದುಂಟು. ಆನೆಯನ್ನು ಬರೆಯಬೇಕಾದರೆ ಸೊಂಡಿಲಿನ ತಿರುವು ಗೊತ್ತಿರಬೇಕು. ಕುದುರೆಯ ಕಾಲು ಬರೆಯುವುದು ಎಂಥವರಿಗೂ ಕಷ್ಟ. ನೀರಾನೆಗಾದರೆ ಒಂದು ದೊಡ್ಡ ಸೊನ್ನೆ, ಅದರ ಪಕ್ಕಕ್ಕೊಂದು ಚಿಕ್ಕ ಸೊನ್ನೆ, ಮೇಲೆರಡು ಚುಕ್ಕಿ ಇಟ್ಟರೆ ಮುಗಿಯಿತು. ಮಗುವಿನ ಮುಖವೂ ಸೊನ್ನೆಯೇ ಆದ್ದರಿಂದ ಮಗುವಿಗೆ ಅದು ತನ್ನ ಜಾತಿಯದೇ ಎನ್ನಿಸುತ್ತದೆಯೋ ಏನೋ! ಅಮೆರಿಕದ ಜೇಮ್ಸ್ ಮಾರ್ಷಲ್ 1972ರಲ್ಲಿ 'ಜಾರ್ಜ್ ಅಂಡ್ ಮಾರ್ಥಾ' ಎಂಬ ಪುಸ್ತಕ ಬರೆದರು. ಅದರಲ್ಲಿ ಎರಡು ನೀರಾನೆಗಳ ಸ್ನೇಹವೇ ವಸ್ತು. ಗೆಳತಿ ಮಾಡಿಕೊಟ್ಟ ಬಟಾಣಿ ಸಾರು ಸೇರದ ಜಾರ್ಜ್, ಅವಳ ಮನಸ್ಸು ನೋಯಿಸಲಾರದೆ ಅದನ್ನು ಮೇಜಿನಡಿ ತನ್ನ ಬೂಟಿನೊಳಗೆ ಸುರಿದುಕೊಳ್ಳುತ್ತಾನೆ. ಸಂಸಾರಿಗಳು ಓದಬೇಕಾದ ಕಥೆ. 1980ರಲ್ಲಿ ಆಸ್ಟ್ರೇಲಿಯದ ಹೇಜಲ್ ಎಡ್ವರ್ಡ್ಸ್ ಬರೆದ ಪುಸ್ತಕದಲ್ಲಿ ನೀರಾನೆ ಮನೆಯ ಮಾಡಿನ ಮೇಲೆ ಕುಳಿತು ಕೇಕು ತಿನ್ನುತ್ತದೆ. ಮಾಡು ಸೋರುತ್ತಿದ್ದುದಕ್ಕೆ ಅದೇ ಕಾರಣವೆಂದು ಮಗುವಿನ ನಂಬಿಕೆ. ನಮ್ಮ ಮಲೆನಾಡಿನಲ್ಲಿ ಹೆಂಚು ಜರುಗಿದರೆ ಮಂಗವನ್ನು ಬಯ್ಯುತ್ತೇವೆ, ಅಷ್ಟೇ ವ್ಯತ್ಯಾಸ.

ನಾನು ಈ ಸಾಹಿತ್ಯದ ಅಭ್ಯಾಸಕ್ಕೆ ತೊಡಗಿದ್ದು ಕುಂಸಿಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಆಯನೂರು ದಾಟಿದ ಮೇಲೆ ಸಿಗುವ ಊರು ಅದು. ಹಿಂದೆ ಮ್ಯಾಂಗನೀಸ್ ಗಣಿಗೆ ಹೆಸರಾಗಿತ್ತು. ಈಗ ತಾಳಗುಪ್ಪದ ರೈಲು ಅಲ್ಲಿ ನಿಂತು ಮುಂದೆ ಹೋಗುತ್ತದೆ. ಭಾವನಿಗೆ ಸ್ವಲ್ಪ ಗದ್ದೆ, ಸ್ವಲ್ಪ ಅಡಿಕೆ ತೋಟ. ತೋಟದಾಚೆಗೆ ಕಾಡಿನ ಅಂಚು. ಅವರ ಮಗಳು ಪುಟ್ಟಿಗೆ ಐದು ವರ್ಷ. ಬೆಂಗಳೂರಿನ ನೆಂಟರೊಬ್ಬರು ಅವಳಿಗೆ ದಪ್ಪ ರಟ್ಟಿನ ಪುಟಗಳ ಒಂದು ಪುಸ್ತಕ ತಂದುಕೊಟ್ಟರು. ಪುಟಪುಟಕ್ಕೂ ನೀರಾನೆ. ಅದನ್ನು ಓದಿಹೇಳುವ ಕೆಲಸ, 'ಕನ್ನಡ ಮೇಷ್ಟ್ರಲ್ಲವೆ' ಎಂಬ ಕಾರಣದಿಂದ, ಭಾನುವಾರಗಳಲ್ಲಿ ನನ್ನ ಪಾಲಿಗೆ ಬಂತು.

ಮೊದಲ ತೊಡಕು ಹೆಸರಿನದು. ಗ್ರೀಕರು ಈ ಪ್ರಾಣಿಗೆ 'ಹೊಳೆಯ ಕುದುರೆ' ಎಂದರು. ಹಿಪ್ಪೊಪೊಟಮಸ್ ಎಂದರೆ ಅಷ್ಟೇ. ಅದನ್ನೇ ಅನುಸರಿಸಿದ ಕನ್ನಡಿಗರು ನೀರ್ಗುದುರೆ ಎಂದರು. ಕುದುರೆಯನ್ನು ಒಪ್ಪದವರು ನೀರಾನೆ ಎಂದರು. ತರಗತಿಯಲ್ಲಿ ಇವೆರಡೂ ನನಗೆ ಒದಗುತ್ತವೆ. ಮೊದಲನೆಯದು ಆದೇಶಸಂಧಿ, ಎರಡನೆಯದು ಲೋಪಸಂಧಿ. ಆದರೆ ಪ್ರಾಣಿಗೆ ಎರಡರಿಂದಲೂ ಪ್ರಯೋಜನವಿಲ್ಲ; ಅದು ಕುದುರೆಯ ಕುಲವೂ ಅಲ್ಲ, ಆನೆಯ ಕುಲವೂ ಅಲ್ಲ. ನೀರಿನಲ್ಲಿ ಹೊಸ ಜೀವಿಯೊಂದನ್ನು ಕಂಡಾಗ ನೆಲದ ಮೇಲಿನ ಪರಿಚಿತ ಹೆಸರಿಗೆ ಒಂದಿಷ್ಟು ನೀರು ಚಿಮುಕಿಸುವುದು ನಮ್ಮ ಭಾಷೆಯ ಹಳೆಯ ಪದ್ಧತಿ. ನೀರುಹಾವು, ನೀರುಕೋಳಿ, ನೀರುಕಾಗೆ, ನೀರುನಾಯಿ ಎಲ್ಲವೂ ಹೀಗೇ ಹುಟ್ಟಿದವು. ಇದನ್ನು ಪುಟ್ಟಿಗೆ ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾರೆ ನೀರಜ್ಜಿ ಇದಾಳಾ ಮಾವ?" ಎಂದಳು. ಜಗಲಿಯ ಮೇಲೆ ಅಡಿಕೆ ಹೋಳು ಮಾಡುತ್ತಿದ್ದ ಅವಳ ಅಜ್ಜಿ ತಲೆಯೆತ್ತಿ ನೋಡಿದರು. ಸಂಧಿಯಂತೂ ಸರಿಯಾಗಿಯೇ ಇತ್ತು.

ಎರಡನೆಯ ತೊಡಕು ಇನ್ನೂ ದೊಡ್ಡದು. ಪುಟ್ಟಿ ನೀರಾನೆಯನ್ನು ತಾನು ಕಣ್ಣಾರೆ ಕಂಡಿದ್ದೇನೆ ಎನ್ನುತ್ತಾಳೆ. "ಸಕ್ರೆಬೈಲಲ್ಲಿ ನೋಡಿದೀನಿ. ಅಪ್ಪ ತೋರಿಸಿದಾರೆ." ವಿಚಾರಿಸಿದಾಗ ಗೊತ್ತಾಯಿತು: ತುಂಗೆಯ ಹಿನ್ನೀರಿನಲ್ಲಿ ಬೆಳಗಿನ ಹೊತ್ತು ಬಿಡಾರದ ಆನೆಗಳಿಗೆ ಮಾವುತರು ಮೈ ಉಜ್ಜಿ ಸ್ನಾನ ಮಾಡಿಸುತ್ತಾರಲ್ಲ, ಅವೇ ನೀರಾನೆಗಳು. ನೀರಿನೊಳಗೆ ಇದ್ದವು, ಆನೆಗಳಾಗಿದ್ದವು. ಅವಳ ವಾದವನ್ನು ಖಂಡಿಸುವುದು ಹೇಗೆ? ಪುಸ್ತಕದ ಪ್ರಾಣಿಗೆ ಸೊಂಡಿಲಿಲ್ಲವಲ್ಲ ಎಂದರೆ, ಅದು ನೀರಿನೊಳಗಿದೆ ಎಂದಳು.

ನಾನು ನಿಜವಾದ ನೀರಾನೆಯನ್ನು ಮೊದಲು ಕಂಡದ್ದು ಶಾಲೆಯ ಹುಡುಗನಾಗಿದ್ದಾಗ, ಮೈಸೂರಿನ ಮೃಗಾಲಯದಲ್ಲಿ. ನೋಡಿದೆನೆನ್ನುವುದಕ್ಕಿಂತ ಕಾದೆನೆನ್ನುವುದು ಸರಿ. ಹಸಿರುಗಟ್ಟಿದ ನೀರು, ಅದರ ಮೇಲೆ ಎರಡು ಕಿವಿ, ಎರಡು ಕಣ್ಣು, ಎರಡು ಮೂಗಿನ ಹೊಳ್ಳೆ, ಅಷ್ಟೇ ಕಾಣುತ್ತಿದ್ದುದು. ಅವೂ ಮುಳುಗಿದವು. ಬಳಿಕ ಬಹಳ ಹೊತ್ತು ಏನೂ ಇಲ್ಲ. ಮೇಷ್ಟ್ರು ನಮ್ಮನ್ನು ಹುಲಿಯ ಕಡೆಗೆ ನಡೆಸುವಷ್ಟರಲ್ಲಿ ಹಿಂದಿನಿಂದ ಒಂದು ಶಬ್ದ ಬಂತು, ಹಳೆಯ ಲಾರಿ ಏರು ಹತ್ತುವಾಗಿನ ಶಬ್ದ. ತಿರುಗಿ ನೋಡಿದರೆ ಒಂದು ಬಾಯಿ. ಉಳಿದ ದೇಹ ಇತ್ತೋ ಇಲ್ಲವೋ ನನಗೆ ನೆನಪಿಲ್ಲ. ಒಳಗೆಲ್ಲ ಗುಲಾಬಿ, ಮೂಲೆಗಳಲ್ಲಿ ಹಳದಿಗಟ್ಟಿದ ಗೂಟದಂಥ ಕೋರೆಗಳು. ನಮ್ಮಲ್ಲೊಬ್ಬ "ಆಕಳಿಸ್ತಾ ಇದೆ" ಎಂದ, ಎಲ್ಲರೂ ನಕ್ಕೆವು.

ಅದು ಆಕಳಿಕೆಯಲ್ಲ. ನೀರಾನೆ ಬಾಯಿ ತೆರೆದು ತೋರಿಸುವುದು ಬಹುಮಟ್ಟಿಗೆ ಎದುರಾಳಿಗೆ ಹಾಕುವ ಬೆದರಿಕೆ: ಇದು ನನ್ನ ಮಡು, ಇಲ್ಲಿಂದಾಚೆಗೆ ಕಾಲಿಡಬೇಡ. ಆ ದವಡೆ ಸುಮಾರು ನೂರೈವತ್ತು ಡಿಗ್ರಿಯವರೆಗೆ ತೆರೆದುಕೊಳ್ಳಬಲ್ಲದು. ಕೋರೆ ಒಂದೂವರೆ ಅಡಿಯವರೆಗೆ ಬೆಳೆಯುತ್ತದೆ. ಇಷ್ಟೆಲ್ಲ ಆಯುಧ ಇಟ್ಟುಕೊಂಡ ಪ್ರಾಣಿಯ ಆಹಾರ ಹುಲ್ಲು! ಹಗಲೆಲ್ಲ ನೀರಿನಲ್ಲಿ ಬಿದ್ದಿದ್ದು, ಕತ್ತಲಾದ ಮೇಲೆ ದಡ ಹತ್ತಿ, ತಾನೇ ತುಳಿದು ಮಾಡಿಕೊಂಡ ದಾರಿಯಲ್ಲಿ ಮೈಲಿಗಟ್ಟಲೆ ನಡೆದು ಮೇಯ್ದು, ಬೆಳಗಿನ ಜಾವಕ್ಕೆ ಅದೇ ದಾರಿಯಲ್ಲಿ ಹೊಳೆಗೆ ಮರಳುತ್ತದೆ. ಒಂದೂವರೆ ಟನ್ನು ತೂಗುವುದು ಸಾಮಾನ್ಯ. ದೊಡ್ಡ ಗಂಡು ಮೂರು ಟನ್ನಿನ ಹತ್ತಿರ ಹೋಗುತ್ತದೆ. ಆ ಮೈ ಹೊತ್ತುಕೊಂಡೂ ನಮಗಿಂತ ವೇಗವಾಗಿ ಓಡುತ್ತದೆ. ದಾರಿಯಲ್ಲಿ ಹೊಳೆಗೂ ತನಗೂ ನಡುವೆ ಯಾರಾದರೂ ನಿಂತರೆ, ಮಡುವಿನ ಮೇಲೆ ದೋಣಿ ಬಂದರೆ, ಮರಿಯ ಹತ್ತಿರ ಹೋದರೆ, ಅದು ಲೆಕ್ಕ ಹಾಕುತ್ತ ಕೂರುವುದಿಲ್ಲ. ಆಫ್ರಿಕದಲ್ಲಿ ಮನುಷ್ಯರನ್ನು ಹೆಚ್ಚಾಗಿ ಕೊಲ್ಲುವ ದೊಡ್ಡ ಪ್ರಾಣಿಗಳಲ್ಲಿ ಇದೂ ಒಂದು. ದಕ್ಷಿಣ ಆಫ್ರಿಕದಲ್ಲಿ ಒಬ್ಬರು ನೀರಾನೆಯ ಮರಿಯೊಂದನ್ನು ತಂದು ಮಗನಂತೆ ಸಾಕಿ, ಅದರ ಬೆನ್ನೇರಿ ಚಿತ್ರ ತೆಗೆಸಿಕೊಂಡಿದ್ದರು. 2011ರಲ್ಲಿ ಅದೇ ಅವರನ್ನು ಹೊಳೆಯಲ್ಲಿ ಕಚ್ಚಿ ಕೊಂದಿತು.

ಚಿತ್ರಪುಸ್ತಕದವರು ರಬ್ಬರಿನ ಬಳೆ ತೊಡಿಸಿ ಈಜಲು ಬಿಡುವ ಈ ಪ್ರಾಣಿಗೆ ಸರಿಯಾಗಿ ಈಜು ಬಾರದು ಎಂಬುದೂ ಒಂದು ಸೋಜಿಗ. ಅದು ತೇಲುವುದಿಲ್ಲ, ಹೊಳೆಯ ತಳದಲ್ಲಿ ಕಾಲೂರಿ ನಡೆಯುತ್ತದೆ, ಜಿಗಿಯುತ್ತದೆ. ಐದು ನಿಮಿಷದವರೆಗೆ ಉಸಿರು ಕಟ್ಟಬಲ್ಲದು. ಮರಿ ನೀರಿನಡಿಯಲ್ಲೇ ತಾಯಿಯ ಹಾಲು ಕುಡಿಯುತ್ತದೆ. ಬಣ್ಣದ ವಿಷಯದಲ್ಲಿ ಮಾತ್ರ ಚಿತ್ರಕಾರರು ತಿಳಿಯದೆಯೇ ಅರ್ಧ ನಿಜ ಹೇಳಿದ್ದಾರೆ. ನೀರಾನೆಯ ಚರ್ಮ ಕೆಂಪನೆಯ ದ್ರವವೊಂದನ್ನು ಸ್ರವಿಸುತ್ತದೆ. ಅದು ರಕ್ತವನ್ನೇ ಬೆವರುತ್ತದೆಂದು ಹಿಂದಿನವರು ನಂಬಿದ್ದರು. ಅದು ರಕ್ತವಲ್ಲ, ಬೆವರೂ ಅಲ್ಲ. ಅದರಲ್ಲಿರುವ ಕೆಂಪು ಮತ್ತು ಕಿತ್ತಳೆ ಬಣ್ಣದ ಎರಡು ವಸ್ತುಗಳನ್ನು ಜಪಾನಿನ ವಿಜ್ಞಾನಿಗಳು 2004ರಲ್ಲಿ ಬೇರ್ಪಡಿಸಿ ತೋರಿಸಿದರು. ಬಿಸಿಲಿನ ಕಿರಣಗಳನ್ನು ತಡೆಯುವುದು, ರೋಗಾಣುಗಳು ಬೆಳೆಯದಂತೆ ನೋಡಿಕೊಳ್ಳುವುದು ಇವುಗಳ ಕೆಲಸವಂತೆ. ಪಟ್ಟಣದ ಹೆಣ್ಣುಮಕ್ಕಳು ಮುಖಕ್ಕೆ ಹಚ್ಚಿಕೊಳ್ಳಲು ದುಡ್ಡು ಕೊಟ್ಟು ತರುವ ವಸ್ತು ನೀರಾನೆಗೆ ಮೈಯಲ್ಲೇ ಹುಟ್ಟುತ್ತದೆ.

ಇದನ್ನೆಲ್ಲ ಐದು ವರ್ಷದ ಮಗುವಿಗೆ ಹೇಳಬೇಕೆ? ಇದು ಬರಿಯ ಹರಟೆಯ ಪ್ರಶ್ನೆಯಾಗಿದ್ದರೆ ನಾನು ಲೇಖನಿ ಎತ್ತುತ್ತಿರಲಿಲ್ಲ.

ಕಳೆದ ಕಾರ್ತಿಕದಲ್ಲಿ, ಭತ್ತ ತೆನೆ ಬಲಿಯುವ ಹೊತ್ತಿಗೆ, ಭಾವ ಸಂಜೆ ಗದ್ದೆ ನೋಡಲು ಹೋದಾಗ ಪುಟ್ಟಿಯೂ ಜೊತೆಗೆ ಹೋದಳು. ಭಾವ ಬೇಲಿಯ ಕಂಡಿಯೊಂದನ್ನು ಮುಳ್ಳಿನಿಂದ ಮುಚ್ಚುತ್ತಿದ್ದರು. ತೋಟದ ಅಂಚಿನ ಲಂಟಾನದ ಪೊದೆಯಿಂದ ಒಂದು ಕಾಡುಹಂದಿ ಹೊರಗೆ ಬಂತು. ಹಿಂದೆ ಅಳಿಲಿನಂತೆ ಮೈಮೇಲೆ ಪಟ್ಟೆಯಿದ್ದ ನಾಲ್ಕೈದು ಮರಿಗಳು. ತಾಯಿ ಹಂದಿ ಪುಟ್ಟಿಯನ್ನು ಕಂಡು ಬಾಯಿ ತೆರೆದು ಹಲ್ಲು ಮಸೆಯಿತು. ಪುಟ್ಟಿ ಕೈ ಚಾಚಿ, "ಬಾ, ಬಾ" ಎಂದು ಅದರ ಕಡೆಗೆ ನಡೆದಳು. ಭಾವ ಓಡಿಹೋಗಿ ಅವಳನ್ನು ಎತ್ತಿಕೊಂಡು ಬದುವಿನ ಮೇಲಕ್ಕೆ ಹತ್ತುವಷ್ಟರಲ್ಲಿ ಹಂದಿ ಎರಡು ಹೆಜ್ಜೆ ಮುನ್ನುಗ್ಗಿ, ಏನು ತೋಚಿತೋ, ಗುರುಗುಟ್ಟಿ ಮರಿಗಳನ್ನು ಕರೆದುಕೊಂಡು ಪೊದೆಗೆ ಹಿಂದಿರುಗಿತು. ಮನೆಗೆ ಬಂದ ಮೇಲೆ ಯಾಕೆ ಹಾಗೆ ಮಾಡಿದೆಯೆಂದು ಕೇಳಿದರೆ ಮಗು ಹೇಳಿದ್ದು ಒಂದೇ ಮಾತು: "ಅದು ನಗ್ತಾ ಇತ್ತು."

ಆ ರಾತ್ರಿಯೇ ನನ್ನ ತಂಗಿ ನೀರಾನೆಯ ಪುಸ್ತಕವನ್ನು ಅಟ್ಟಕ್ಕೆ ಹಾಕಿದಳು.

ನಾನು ಮುಂದಿನ ಭಾನುವಾರ ಹೋದಾಗ ಮನೆಯಲ್ಲಿ ಎರಡು ಪಕ್ಷವಾಗಿತ್ತು. ಸುಳ್ಳು ಹೇಳುವ ಪುಸ್ತಕ ಮಗುವಿನ ಕೈಯಲ್ಲಿ ಬೇಡವೆಂದು ತಂಗಿಯ ಹಠ. ಅಜ್ಜಿಯದು ಬೇರೆಯೇ ಮಾತು: "ಮಕ್ಕಳಿಗೆ ಈಗ್ಲೇ ಹೆದರಿಕೆ ಯಾಕೆ ತುಂಬ್ತೀರಿ? ದೊಡ್ಡವರಾದ ಮೇಲೆ ಹೆದರೋದು ಇದ್ದೇ ಇದೆ." ಭಾವ ಸುಮ್ಮನೆ ಕಾಲು ನೀಡಿ ಕುಳಿತಿದ್ದರು. ಅವರ ಬಲಮೊಣಕಾಲಿನ ಕೆಳಗೆ ಗೇಣುದ್ದದ ಒಂದು ಗಾಯದ ಗುರುತಿದೆ. ಅದು ಮದುವೆಗೆ ಮುಂಚೆ, ರಾತ್ರಿ ಗದ್ದೆ ಕಾಯಲು ಹೋದಾಗ ಹಂದಿ ಸೀಳಿದ್ದು. ನಾನು ಅವರ ಅಭಿಪ್ರಾಯ ಕೇಳಿದೆ. "ಹಂದೀದು ತಪ್ಪು ಅಂತ ನಾನು ಯಾವತ್ತೂ ಅಂದಿಲ್ಲ ನೋಡಿ," ಎಂದರು. "ಅದು ದಿನಾ ಬರೋ ದಾರಿ. ಅವತ್ತು ನಾನು ಅಡ್ಡ ಇದ್ದೆ. ಪುಟ್ಟಿಗೆ ಹೇಳಬೇಕಾದ್ದು ಅಷ್ಟೇ, ಅದಕ್ಕೊಂದು ದಾರಿ ಇದೆ ಅಂತ."

ನಾನು ಓದಿದ ಯಾವ ಗ್ರಂಥದಲ್ಲಿಯೂ ಈ ಮಾತನ್ನು ಇಷ್ಟು ನೇರವಾಗಿ ಕಂಡಿರಲಿಲ್ಲ. ಪುಸ್ತಕದ ನೀರಾನೆಯಲ್ಲಿ ನನಗೆ ಏನೋ ಕೊರತೆ ಎನ್ನಿಸುತ್ತಿತ್ತಲ್ಲ, ಅದು ಕೋರೆಹಲ್ಲಲ್ಲ, ಕ್ರೌರ್ಯವಲ್ಲ. ಅದಕ್ಕೆ ದಾರಿಯಿಲ್ಲ. ಹೋಗಬೇಕಾದ ಹುಲ್ಲುಗಾವಲಿಲ್ಲ, ಮರಳಬೇಕಾದ ಮಡುವಿಲ್ಲ. ಕೊಡೆ ಕೊಟ್ಟರೆ ಹಿಡಿಯುತ್ತದೆ, ಕೇಕು ಕೊಟ್ಟರೆ ತಿನ್ನುತ್ತದೆ. ನಮ್ಮ ಮನೆಯಲ್ಲದೆ ಅದಕ್ಕೆ ಬೇರೆ ಮನೆಯೇ ಇಲ್ಲ.

ಹಾಗೆಂದು ಪ್ರಾಣಿಗಳಿಗೆ ಮಾತು ಬರಿಸಿದ್ದೇ ತಪ್ಪೆನ್ನಲಾದೀತೆ? ಗೋವಿನ ಹಾಡಿನ ಹುಲಿ ಮಾತನಾಡುತ್ತದೆ. ಕೊಟ್ಟ ಮಾತಿಗೆ ಮರಳಿ ಬಂದ ಹಸುವನ್ನು ಕಂಡು ಪಶ್ಚಾತ್ತಾಪಪಟ್ಟು ಪ್ರಾಣ ಬಿಡುತ್ತದೆ. ಅಂಥ ಹುಲಿ ಯಾವ ಕಾಡಿನಲ್ಲಿಯೂ ಇಲ್ಲ. ಆದರೂ ಆ ಹಾಡನ್ನು ಹೇಳಿಕೊಂಡು ಬೆಳೆದ ದನಗಾಹಿ ಹುಡುಗ ಯಾರೂ ಹುಲಿಯ ತಲೆ ಸವರಲು ಹೋಗಲಿಲ್ಲ. ಕೊಟ್ಟಿಗೆಯಿಂದ ಹಸು ಹೋದದ್ದು ಅವನಿಗೆ ಗೊತ್ತಿತ್ತು. ಹಾಡಿನ ಹುಲಿಯೂ ಹಕ್ಕಲಿನ ಹುಲಿಯೂ ಅವನ ಮನಸ್ಸಿನಲ್ಲಿ ಒಟ್ಟಿಗೇ ಇದ್ದವು, ಒಂದನ್ನೊಂದು ಕೆಡಿಸದೆ. ಹಂದಿಯ ವಿಷಯದಲ್ಲಿಯೂ ಹಾಗೆಯೇ. ಮಂಡ್ಯ ಸೀಮೆಯ ಆತಕೂರಿನಲ್ಲಿ ಸಿಕ್ಕಿದ, ಕ್ರಿ.ಶ. 950ರ ಸುಮಾರಿನ ಶಾಸನವನ್ನು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ. ಕಾಳಿ ಎಂಬ ಬೇಟೆನಾಯಿ ದೊಡ್ಡ ಹಂದಿಯೊಂದರೊಡನೆ ಕಾದಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರುಬದುರಾಗಿ ಕಾದುತ್ತಿರುವ ಕೆತ್ತನೆಯಿದೆ. ಅದೂ ಒಂದು ಚಿತ್ರಪುಸ್ತಕವೇ. ಹಂದಿಯನ್ನು ಕಡಿಮೆ ಮಾಡಿ ತೋರಿಸಿದ್ದರೆ ಕಾಳಿಯ ಕೀರ್ತಿಗೇ ಕುಂದು.

ನೀರಾನೆಯ ನೆರೆಯಲ್ಲಿ ಬಾಳಿದವರೂ ಕಥೆ ಹೇಳಿದ್ದಾರೆ. ಆಫ್ರಿಕದಲ್ಲಿ ಪ್ರಚಾರದಲ್ಲಿರುವ ಒಂದು ಕಥೆಯನ್ನು 1986ರಲ್ಲಿ 'ಹಾಟ್ ಹಿಪ್ಪೊ' ಎಂಬ ಚಿತ್ರಪುಸ್ತಕವಾಗಿ ತಂದರು. ಹಿಂದೆ ನೀರಾನೆ ನೆಲದ ಮೇಲೆಯೇ ಇತ್ತು. ಬಿಸಿಲು ತಾಳಲಾರದೆ ದೇವರ ಬಳಿ ಹೋಗಿ, ಹೊಳೆಯಲ್ಲಿ ಇರಲು ಅಪ್ಪಣೆ ಬೇಡಿತು. ನೀನು ನನ್ನ ಮೀನುಗಳನ್ನು ತಿಂದುಬಿಟ್ಟರೆ ಎಂದು ದೇವರಿಗೆ ಅನುಮಾನ. ನೀರಾನೆ ಒಪ್ಪಂದ ಮಾಡಿಕೊಂಡಿತು: ಹಗಲು ನೀರಿನಲ್ಲಿರುತ್ತೇನೆ, ರಾತ್ರಿ ಮೇಲೆ ಬಂದು ಹುಲ್ಲು ಮೇಯುತ್ತೇನೆ, ನೀನು ಕೇಳಿದಾಗಲೆಲ್ಲ ಬಾಯಿ ಅಗಲಿಸಿ ತೋರಿಸುತ್ತೇನೆ, ಬಾಲದಿಂದ ಕಲಕಿ ಹರಡುತ್ತೇನೆ, ಮೀನಿನ ಮುಳ್ಳು ಇದೆಯೇ ನೋಡಿಕೋ. ಈ ಕೊನೆಯ ಮಾತು ನನಗೆ ಬಹಳ ಮೆಚ್ಚುಗೆ. ಗಂಡು ನೀರಾನೆ ಸಗಣಿ ಹಾಕುವಾಗ ಗಿಡ್ಡ ಬಾಲವನ್ನು ಬೀಸಣಿಗೆಯಂತೆ ಆಡಿಸಿ ಸುತ್ತಲೂ ಚೆಲ್ಲಿ, ತನ್ನ ಎಲ್ಲೆಯನ್ನು ಗುರುತಿಸುತ್ತದೆ. ಸ್ನಾನದ ತೊಟ್ಟಿಯ ಪುಸ್ತಕಗಳು ಈ ವಿಷಯದಲ್ಲಿ ಮೌನ ತಾಳಿವೆ. ಹೊಳೆಯ ದಡದ ಅಜ್ಜಿಯರಿಗೆ ಆ ಸಂಕೋಚವಿರಲಿಲ್ಲ. ದೇವರೂ ಒಪ್ಪಂದವೂ ಬರಿಯ ಕಲ್ಪನೆ. ಆದರೆ ಬಾಯಿ, ಬಾಲ, ಬಿಸಿಲು, ರಾತ್ರಿಯ ಮೇವು, ಬೆಳಗಿನ ಹೊಳೆ, ಎಲ್ಲವೂ ಇದ್ದಹಾಗೆಯೇ ಇವೆ. ಕಥೆ ಕೇಳಿ ಮಗು ನಗುತ್ತದೆ. ಹೊಳೆಗೆ ಹೋದಾಗ ದೂರ ನಿಲ್ಲುತ್ತದೆ.

ನಿಜವಾಗಿ ನಡೆದುದನ್ನೇ ಕಥೆಯಾಗಿಸಿದ ಪುಸ್ತಕವೂ ಉಂಟು. 2004ರ ಡಿಸೆಂಬರಿನ ಸುನಾಮಿ ನಮ್ಮ ಪೂರ್ವಕರಾವಳಿಯನ್ನು ಬಡಿದು ಆಫ್ರಿಕದವರೆಗೂ ಹೋಯಿತಷ್ಟೆ. ಕೆನ್ಯಾದ ಮಾಲಿಂದಿಯ ಬಳಿ ಹಿಂಡಿನಿಂದ ಅಗಲಿದ ಒಂದು ನೀರಾನೆಯ ಮರಿ ಕಡಲಿನಲ್ಲಿ ಸಿಕ್ಕಿಕೊಂಡಿತು. ಜನ ಬಲೆ ಹಾಕಿ ಎಳೆದು ತಂದು ಮೊಂಬಾಸದ ಹತ್ತಿರದ ಹ್ಯಾಲರ್ ಉದ್ಯಾನಕ್ಕೆ ಸೇರಿಸಿದರು. ಅಲ್ಲಿ ನೂರು ವರ್ಷ ಮೀರಿದ ಒಂದು ದೈತ್ಯ ಆಮೆ ಇತ್ತು. ಮರಿ ಅದರ ಮಗ್ಗುಲಿಗೆ ಹೋಗಿ ಮಲಗಿತು. ಅದು ತಿಂದುದನ್ನು ತಿಂದಿತು, ಹೋದಲ್ಲಿಗೆ ಹೋಯಿತು. ಓವೆನ್ ಮತ್ತು ಮ್ಜೀ ಎಂಬ ಈ ಜೋಡಿಯ ಚಿತ್ರಗಳನ್ನು ನೋಡಿ ಕಣ್ಣು ಒದ್ದೆಯಾಗದವರು ಕಡಿಮೆ. ಕೆಲವು ವರ್ಷಗಳಲ್ಲಿ ಓವೆನ್ ಬೆಳೆದು, ಮುದಿ ಆಮೆಗೆ ಅದರ ಆಟವೇ ಅಪಾಯವಾಗುವಂತಾಯಿತು. ಆಗ ಇಬ್ಬರನ್ನೂ ಬೇರೆ ಮಾಡಿ, ಓವೆನ್‌ಗೆ ಇನ್ನೊಂದು ನೀರಾನೆಯ ಜೊತೆ ಒದಗಿಸಿದರು. ಪ್ರೀತಿಯಿದ್ದೂ ದೂರ ಇಡಬೇಕಾಗುತ್ತದೆ ಎಂಬುದನ್ನು ಪುಟ್ಟಿಗೆ ಹೇಳಿದಾಗ ಅವಳು ಅಳಲಿಲ್ಲ. "ಆಮೆಗೆ ಬೇಜಾರಾಯ್ತಾ?" ಎಂದು ಮಾತ್ರ ಕೇಳಿದಳು. ಆಮೆಯ ಬೇಜಾರನ್ನು ಮುಖ ನೋಡಿ ತಿಳಿಯುವುದು ಕಷ್ಟ ಎಂದೆ.

ಅಂತೂ ಪುಸ್ತಕ ಅಟ್ಟದಿಂದ ಇಳಿಯಿತು. ನಾನು ತಂಗಿಯೊಡನೆ ಮಾಡಿಕೊಂಡ ಒಪ್ಪಂದ ಇಷ್ಟು: ಪುಟಪುಟಕ್ಕೂ ಅಲ್ಲಿರುವ ಕಥೆಯನ್ನು ಓದತಕ್ಕದ್ದು, ಆಮೇಲೆ, ಇದೇ ಪ್ರಾಣಿ ಹೊಳೆಯಲ್ಲಿದ್ದರೆ ಈಗ ಏನು ಮಾಡುತ್ತಿತ್ತೆಂದು ಹೇಳತಕ್ಕದ್ದು. ಎರಡನೆಯ ಭಾಗಕ್ಕೇ ಈಗ ಬೇಡಿಕೆ ಹೆಚ್ಚು. ಸಗಣಿಯ ಪ್ರಸಂಗವನ್ನು ಮೂರು ಸಲ ಹೇಳಿಸಿಕೊಂಡಳು. ತೆರೆದ ಬಾಯಿಯ ಪುಟ ಬಂದಾಗ ತಾನೇ ಬಾಯಿ ಅಗಲಿಸಿ, "ಇದು ನನ್ನ ಜಾಗ" ಎಂದು ಗದರುತ್ತಾಳೆ. ಅಜ್ಜಿ ಊಟಕ್ಕೆ ಕರೆದಾಗಲೂ ಹಾಗೆಯೇ ಮಾಡುವುದರಿಂದ ಮನೆಯಲ್ಲಿ ನನ್ನ ಮೇಲೆ ಸ್ವಲ್ಪ ಅಸಮಾಧಾನ ಉಂಟು. ಭಾವ ಅವಳನ್ನು ತೋಟದ ಅಂಚಿಗೆ ಕರೆದೊಯ್ದು ಕೆಸರಿನಲ್ಲಿ ಹಂದಿಯ ಗೊರಸಿನ ಗುರುತು ತೋರಿಸಿದರಂತೆ. ಗುರುತು ಹಿಡಿದು ಪೊದೆಯ ಹತ್ತಿರದವರೆಗೆ ಹೋಗಿ, ಅಲ್ಲಿ ನಿಂತು ಇಬ್ಬರೂ ಹಿಂದಿರುಗಿದರಂತೆ.

ಹೋದ ಭಾನುವಾರ ಅವಳ ಪ್ರಶ್ನೆ ಬೇರೆ ದಿಕ್ಕಿಗೆ ತಿರುಗಿತು. ನೀರಾನೆಯ ನೆಂಟರು ಯಾರು? ಹಿಂದೆ ಹಂದಿಯೇ ಅದರ ಹತ್ತಿರದ ಬಂಧುವೆಂದು ತಿಳಿದಿದ್ದರು; ಈಗ ಬದುಕಿರುವ ಪ್ರಾಣಿಗಳಲ್ಲಿ ತಿಮಿಂಗಿಲವೇ ಅದಕ್ಕೆ ಎಲ್ಲಕ್ಕಿಂತ ಹತ್ತಿರವೆಂದು ವಿಜ್ಞಾನ ಹೇಳುತ್ತದೆ ಎಂದೆ. ತಿಮಿಂಗಿಲವನ್ನು ಮೀನೆಂದೇ ತಿಳಿದಿದ್ದ ಅಜ್ಜಿಗೆ ಇದು ಒಪ್ಪಿಗೆಯಾಗಲಿಲ್ಲ. ನಮ್ಮ ಊರಿಗೆ ನೀರಾನೆ ಯಾಕೆ ಬರಲಿಲ್ಲ? ಬರದೆ ಏನು, ನಮ್ಮ ದೇಶದಲ್ಲಿಯೂ ಇತ್ತು ಎಂದೆ. ಇದು ಕಥೆಯಲ್ಲ. ಹಿಮಾಲಯದ ತಪ್ಪಲಿನ ಶಿವಾಲಿಕ ಬೆಟ್ಟಗಳಲ್ಲಿ ಫಾಲ್ಕನರ್ ಮತ್ತು ಕಾಟ್ಲಿ ಎಂಬ ಇಬ್ಬರು ನೀರಾನೆಯ ಪಳೆಯುಳಿಕೆಗಳನ್ನು ಕಂಡು 1836ರಲ್ಲಿ ವರ್ಣಿಸಿದರು. ಈಗಿನ ಆಫ್ರಿಕದ ನೀರಾನೆಗೆ ಕೆಳದವಡೆಯ ಮುಂದೆ ಬಾಚಿಹಲ್ಲು ನಾಲ್ಕು, ಅದಕ್ಕೆ ಆರು. ನರ್ಮದೆಯ ದಡದ ಮಣ್ಣಿನಲ್ಲಿಯೂ ನೀರಾನೆಯ ಎಲುಬು ಸಿಕ್ಕಿವೆ. ನಮ್ಮ ಗೋಕಾಕದ ಹತ್ತಿರ ಚಿಕ್ಕದೌಲಿಯಲ್ಲಿ ಬ್ರೂಸ್ ಫೂಟ್ ಖಡ್ಗಮೃಗದ ಎಲುಬು ಕಂಡು 1874ರಲ್ಲಿ ಪ್ರಕಟಿಸಿದರು. ಈಗ ಕಬ್ಬೂ ಜೋಳವೂ ಬೆಳೆಯುವ ನೆಲದಲ್ಲಿ ಅಂಥ ಪ್ರಾಣಿಗಳು ಮೇಯುತ್ತಿದ್ದವು. ಭಾರತದ ಕೊನೆಯ ನೀರಾನೆಗಳು ಮುಗಿದುಹೋಗಿ ಇನ್ನೂ ಹದಿನಾರು ಸಾವಿರ ವರ್ಷದ ಆಸುಪಾಸು ಅಷ್ಟೇ. ಆಗ ಇಲ್ಲಿ ಮನುಷ್ಯರೂ ಇದ್ದರು. ಹೊಳೆಗೆ ನೀರಿಗೆ ಬಂದ ಯಾವಳೋ ಒಬ್ಬ ತಾಯಿ, ಮಡುವಿನ ಮೇಲೆ ಎರಡು ಕಿವಿ ಕಂಡು, ಮಗುವಿನ ಕೈ ಹಿಡಿದು ಹಿಂದಕ್ಕೆ ಎಳೆದಿರಬೇಕು.

ಪುಟ್ಟಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನ ನರೆತ ಕೂದಲನ್ನೊಮ್ಮೆ ನೋಡಿ, "ಆವಾಗ ನೀನು ನೋಡಿದ್ಯಾ ಮಾವ?" ಎಂದಳು.

ಒಳಗಿನಿಂದ ಅವಳ ಅಜ್ಜಿಯ ಧ್ವನಿ ಬಂತು: "ಇಲ್ಲ ಮಗಾ, ಅಷ್ಟು ಹಳಬರಲ್ಲ ಅವರು. ಬಾ, ಊಟಕ್ಕೆ ಬಾ."